ನನ್ನ ನಾದಿನಿ ಕೆರೆ ಈಜಿದ್ದು

ನನ್ನ ನಾದಿನಿಯ ಅಂಗಿಗಳನ್ನು ಮೊದಲಿನಿಂದಲೂ ನಾನೇ ಹೊಲಿಯುವುದು. ಬಲತೋಳನ್ನು ಎಡತೋಳಿಗಿಂತ ಅರ್ಧ ಇಂಚು ಅಗಲ ಬಿಟ್ಟು ಕತ್ತರಿಸಬೇಕು, ಇಲ್ಲದಿದ್ದರೆ ಕಂಕುಳಲ್ಲಿ ಹಿಡಿಯುತ್ತದೆ. ಇಸ್ತ್ರಿ ಮಾಡಿ ಮಾಡಿ ಆದ ತೋಳು ಅದು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಹಾಸಿಗೆಯ ಚಾದರಗಳನ್ನು ಅಲ್ಲಿ ಯಂತ್ರವೇ ಒತ್ತಿ ಕೊಡುತ್ತದೆ. ಡಾಕ್ಟರುಗಳ ಬಿಳಿ ಕೋಟುಗಳನ್ನು ಮಾತ್ರ ಕೈಯಲ್ಲೇ ಮಾಡಬೇಕು, ಕಾಲರಿಗೂ ಜೇಬಿಗೂ ಯಂತ್ರ ಆಗುವುದಿಲ್ಲ. ಆ ಕೋಟುಗಳ ಮೇಜು ಇಪ್ಪತ್ತೊಂಬತ್ತು ವರ್ಷ ಅವಳದಾಗಿತ್ತು. ದಿನಕ್ಕೆ ಅರವತ್ತು ಕೋಟು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು.

ಡಾಕ್ಟರುಗಳ ಮುಖ ಅವಳಿಗೆ ಗೊತ್ತಿರಲಿಲ್ಲ, ಕೋಟು ಗೊತ್ತಿತ್ತು. ಇವರು ಮೊಣಕೈ ಊರಿ ಕೂರುವವರು, ಅವರು ಗುಂಡಿ ಕಚ್ಚುವವರು, ಇನ್ನೊಬ್ಬರು ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಮರೆಯುವವರು. ಒಂದು ಸಲ ಲಿಫ್ಟಿನಲ್ಲಿ ದೊಡ್ಡ ಡಾಕ್ಟರೊಬ್ಬರ ಪಕ್ಕ ನಿಂತಿದ್ದಾಳೆ. ಅವರ ಎಡಜೇಬು ನೋಡಿದ್ದೇ ಬಾಯಿ ತಡೆಯಲಿಲ್ಲವಂತೆ. “ಪೆನ್ನಿಗೆ ಮುಚ್ಚಳ ಹಾಕ್ಕೊಳ್ಳಿ ಸಾರ್, ಹತ್ತು ವರ್ಷದಿಂದ ಹೇಳ್ಬೇಕು ಅಂತಿದ್ದೆ” ಎಂದಳಂತೆ. ಅಷ್ಟು ಉದ್ದದ ಮಾತನ್ನು ಅವಳು ಹೊರಗಿನವರ ಹತ್ತಿರ ಆಡಿದ್ದು ಅದೊಂದೇ ಎಂದು ಕಾಣುತ್ತದೆ.

ಮನೆಯಲ್ಲೂ ಅವಳು ಮಾತು ಕಮ್ಮಿ. ನಾನು ಈ ಮನೆಗೆ ಮದುವೆಯಾಗಿ ಬಂದಾಗ ಅವಳಿಗೆ ಒಂಬತ್ತು ವರ್ಷ, ನನಗೆ ಇಪ್ಪತ್ತು. ತಲೆ ಬಾಚಿದ್ದೇನೆ, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದೇನೆ. ಆದರೂ ನಮ್ಮಿಬ್ಬರ ನಡುವೆ ಮಾತಿನ ರೂಢಿ ಬೆಳೆಯಲೇ ಇಲ್ಲ. ಮಾತಿಗೆ ನನ್ನ ಗಂಡ ಇದ್ದರು. “ನಿಮ್ಮ ಅತ್ತಿಗೆ ಕೇಳ್ತಿದ್ದಾಳೆ, ಸಂಜೆ ಲೇಟಾಗತ್ತಾ?” ಎಂದು ಅವಳಿಗೆ, “ನಿನ್ನ ನಾದಿನಿಗೆ ಹಸಿವಿಲ್ವಂತೆ” ಎಂದು ನನಗೆ. ಇಬ್ಬರೂ ಎದುರಿಗೇ ಕೂತಿರುತ್ತಿದ್ದೆವು. ಅವರು ಅಂಚೆಯವರ ಹಾಗೆ ಈ ಕಡೆಯದನ್ನು ಆ ಕಡೆ ಮುಟ್ಟಿಸುತ್ತಿದ್ದರು. ನಮಗೆ ಮಕ್ಕಳಿರಲಿಲ್ಲ, ಅವಳು ಮದುವೆಯಾಗಲಿಲ್ಲ. ಮೂವರೇ ಇದ್ದ ಮನೆ. ಅವರು ಹೋದ ಮೇಲೆ ಇಬ್ಬರಾದೆವು, ಅಂಚೆ ನಿಂತಿತು. ಎರಡು ಕೋಣೆ, ಒಂದು ಅಡುಗೆಮನೆ. ಅವಳು ಬಾಗಿಲು ತೆಗೆಯುವ ಸದ್ದಿನಿಂದ ಕೆಲಸ ಹೇಗಿತ್ತು ಎಂದು ನಾನು ಊಹಿಸಬೇಕು. ನಾನು ಪಾತ್ರೆ ಇಡುವ ಸದ್ದಿನಿಂದ ಅವಳು.

ನಿಂತು ನಿಂತು ಅವಳ ಸೊಂಟ ಹಿಡಿದುಕೊಳ್ಳುತ್ತಿತ್ತು. ನೀರಿಗೆ ಇಳಿ, ಈಜು ಕಲಿ ಎಂದು ಆಸ್ಪತ್ರೆಯಲ್ಲೇ ಯಾರೋ ಹೇಳಿದರು. ಐವತ್ತನೇ ವಯಸ್ಸಿನಲ್ಲಿ ಊರಿನ ಈಜುಕೊಳಕ್ಕೆ ಸೇರಿದಳು. ಬೆಳಿಗ್ಗೆ ಐದೂವರೆಗೆ ಸೈಕಲ್ಲು ತುಳಿದುಕೊಂಡು ಹೋಗುವುದು, ಅಲ್ಲಿಂದ ನೇರ ಕೆಲಸಕ್ಕೆ. ಮೊದಲ ತಿಂಗಳು ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದುಕೊಂಡು ಕಾಲು ಬಡಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಮೂವತ್ತು ಸುತ್ತು ನಿಲ್ಲದೆ ಈಜುತ್ತಿದ್ದಳು. ಅವಳ ಒದ್ದೆ ಟವೆಲು ಹಗ್ಗದ ಮೇಲೆ ಇರುತ್ತಿದ್ದುದರಿಂದ ಹೋಗಿ ಬಂದಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತೇ ಹೊರತು ಅವಳಾಗಿ ಏನೂ ಹೇಳುತ್ತಿರಲಿಲ್ಲ.

ಅಂಥವಳು ಒಂದು ಸಂಜೆ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು.

“ಅತ್ತಿಗೆ, ನಿಮ್ಮ ಆ ಕೆಂಪು ಹೊದಿಕೆ ಬೇಕಿತ್ತು.”

“ಚಳೀನಾ? ಪೆಟ್ಟಿಗೇಲಿ ಇದೆ, ತಗೋ.”

“ಹೊದ್ಕೊಳ್ಳೋಕಲ್ಲ. ನೋಡೋಕೆ.”

ನಾನು ಯಂತ್ರ ನಿಲ್ಲಿಸಿದೆ. ಆಗ ಹೇಳಿದಳು. ಊರಾಚೆಯ ಕೆರೆಯಲ್ಲಿ ಪಂದ್ಯವಂತೆ, ಟ್ರಯಥ್ಲಾನ್ ಅಂತೆ. ಮುಕ್ಕಾಲು ಕಿಲೋಮೀಟರು ಕೆರೆಯಲ್ಲಿ ಈಜಬೇಕು, ಎದ್ದು ಬಂದು ಇಪ್ಪತ್ತು ಕಿಲೋಮೀಟರು ಸೈಕಲ್ಲು, ಇಳಿದು ಐದು ಕಿಲೋಮೀಟರು ಓಟ. ಇದರಲ್ಲಿ ಇದು ಚಿಕ್ಕದಂತೆ, ಹೆಸರೇ ಸ್ಪ್ರಿಂಟ್ ಅಂತೆ. ಆಸ್ಪತ್ರೆಯ ನೋಟೀಸು ಹಲಗೆಯ ಮೇಲೆ ಅಂಟಿಸಿದ್ದರಂತೆ, ಇವಳು ಹೆಸರು ಬರೆದು ಬಂದಿದ್ದಾಳೆ.

“ಇದು ಚಿಕ್ಕದಾದ್ರೆ ದೊಡ್ಡದನ್ನ ಮಾಡೋರು ಬದುಕಿ ಬರ್ತಾರೇನೇ?” ಎಂದೆ.

ಅವಳು ನಕ್ಕಳು. “ಸೈಕಲ್ ನಂಗೆ ಅಭ್ಯಾಸ. ಓಟ ಆಗದಿದ್ರೆ ನಡೀತೀನಿ, ನಡೀಬೋದಂತೆ. ನೀರು ದಾಟಿಬಿಟ್ರೆ ಆಯ್ತು.”

“ಯಾಕೆ ಬೇಕು ಕಣೇ ಈ ವಯಸ್ಸಲ್ಲಿ?”

ಇಷ್ಟಕ್ಕೆ ಮುಗಿಯಿತು ಎಂದುಕೊಂಡು ನಾನು ಮತ್ತೆ ಯಂತ್ರದ ಚಕ್ರಕ್ಕೆ ಕೈ ಹಾಕಿದೆ. ಆಗ ಹೇಳಿದಳು: “ಇಷ್ಟು ವರ್ಷ ಕೆಲಸ ಮಾಡಿದ್ದೀನಿ ಅತ್ತಿಗೆ, ಒಂದೂ ಮುಗಿದಿದ್ದಿಲ್ಲ. ಸೋಮವಾರ ಒತ್ತಿ ನೇತುಹಾಕಿದ ಕೋಟು ಗುರುವಾರ ಮುದ್ದೆಯಾಗಿ ಅದೇ ಮೇಜಿಗೆ ಬಂದು ಬೀಳತ್ತೆ. ಇಲ್ಲಿ ಒಂದು ಗೆರೆ ಹಾಕಿರ್ತಾರಂತೆ. ಅದನ್ನ ದಾಟಿದ್ರೆ ಮುಗೀತು. ಯಾರೂ ವಾಪಸ್ ತಂದು ಹಾಕಲ್ಲ. ಅಂಥದ್ದು ಒಂದಾದ್ರೂ ಮಾಡ್ಬೇಕು.”

ಕಷ್ಟವೆಲ್ಲ ನೀರಿನದು. ಈಜುಕೊಳದ ತಳದಲ್ಲಿ ಕಪ್ಪು ಗೆರೆ ಎಳೆದಿರುತ್ತಾರೆ. ಮುಖ ಮುಳುಗಿಸಿ ಅದರ ಮೇಲೆಯೇ ಹೋದರೆ ನೇರ ಹೋದಂತೆ. ಸುಸ್ತಾದರೆ ಗೋಡೆ ಇದೆ. ಕೆರೆಯಲ್ಲಿ ಗೆರೆಯೂ ಇಲ್ಲ, ಗೋಡೆಯೂ ಇಲ್ಲ, ಮುಖ ಮುಳುಗಿಸಿದರೆ ಹಸಿರು ಕತ್ತಲೆ. ಅವಳಿಗೆ ಕನ್ನಡಕವಿಲ್ಲದೆ ದೂರದ್ದು ಕಾಣದು. ಕೆರೆಯ ನಡುವೆ ಕಿತ್ತಳೆ ಬಣ್ಣದ ದೊಡ್ಡ ಗಾಳಿಚೆಂಡು ಎರಡು ತೇಲಿಬಿಟ್ಟಿರುತ್ತಾರೆ, ಅವನ್ನು ಸುತ್ತಿ ಬಳಸಿಕೊಂಡು ಬರಬೇಕು. ಅವು ಎತ್ತರ ಇರುವುದರಿಂದ ಮಂಜುಮಂಜಾಗಿಯಾದರೂ ಕಾಣುತ್ತವೆ. ಆದರೆ ಕೊನೆಯ ಚೆಂಡಿನಿಂದ ದಡಕ್ಕೆ ಬರುವಾಗ ಮೆಟ್ಟಿಲು ಎಲ್ಲಿದೆಯೆಂದು ಕಾಣುವುದೇ ಇಲ್ಲ. ಅವಳು ಒಂದು ಭಾನುವಾರ ಹೋಗಿ ಇಳಿದು ನೋಡಿ ಬಂದಿದ್ದಳು. ಅದಕ್ಕೇ ಕೆಂಪು ಹೊದಿಕೆ.

“ಮೆಟ್ಟಿಲ ಪಕ್ಕದಲ್ಲಿ ಅದನ್ನ ಎತ್ತಿ ಹಿಡ್ಕೊಂಡು ನಿಂತ್ಕೊಳ್ಳಿ. ಕೆಂಪು ಕಂಡ ಕಡೆ ನಾನು ಈಜ್ತೀನಿ” ಎಂದಳು.

ನಲವತ್ತು ವರ್ಷಕ್ಕೂ ಮಿಕ್ಕಿ ಒಂದೇ ಮನೆಯಲ್ಲಿದ್ದು, ಅವಳು ನನ್ನಿಂದ ಬಾಯಿಬಿಟ್ಟು ಕೇಳಿದ ಮೊದಲ ಉಪಕಾರ ಅದು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಕೆರೆಯ ಮೇಲೆ ಸಣ್ಣ ಗಾಳಿ ಇತ್ತು. ನೂರೈವತ್ತು ಜನ ಇದ್ದರೇನೋ, ಎಲ್ಲರ ತಲೆಗೂ ರಬ್ಬರಿನ ಟೋಪಿ. ಇವಳದು ಹಳದಿ. ಸೀಟಿ ಊದಿದ್ದೇ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಂತೆ ನುಗ್ಗಿದರು. ಇವಳು ನಾಲ್ಕು ಹೆಜ್ಜೆ ಹಿಂದೆ ನಿಂತು, ದಾರಿ ಬಿಟ್ಟಮೇಲೆ ಇಳಿದಳು. ನಾನು ಮೆಟ್ಟಿಲ ಪಕ್ಕ ಹೊದಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಪಕ್ಕದವರು “ಏನಜ್ಜೀ, ಒಣಗಿಸ್ತಿದ್ದೀರಾ?” ಎಂದರು. “ಹ್ಞೂಂ, ಮನೇಲಿ ಜಾಗ ಇಲ್ಲ” ಎಂದೆ.

ಒಬ್ಬೊಬ್ಬರಾಗಿ ಎದ್ದು ಬಂದು ಸೈಕಲ್ಲಿನ ಕಡೆ ಓಡಿದರು. ಕೆರೆ ಖಾಲಿಯಾಗುತ್ತ ಬಂತು. ಕೊನೆಯ ಚೆಂಡನ್ನು ಬಳಸಿ ಬರುತ್ತಿರುವ ಹಳದಿ ಟೋಪಿ ನನಗೆ ಕಂಡಿತು, ಎದೆ ಹಗುರಾಯಿತು. ಗಾಳಿಗೋ ಏನೋ, ಅವಳು ಒಂದಿಷ್ಟು ತನ್ನ ಎಡಕ್ಕೆ, ಅಂದರೆ ದಡದಲ್ಲಿ ನಿಂತ ನನ್ನ ಬಲಕ್ಕೆ ಸರಿದಂತೆ ಕಂಡಳು. ಅಲ್ಲಿ ಬಂದು ಸೇರುತ್ತಾಳೆ, ನಡುಗುತ್ತಿರುತ್ತಾಳೆ, ಕೈ ಕೊಡೋಣ ಎಂದು ನಾನು ಆ ಕಡೆಗೆ ಹತ್ತು ಹೆಜ್ಜೆ ಹೋದೆ. ಹೊದಿಕೆ ಎತ್ತಿ ಹಿಡಿದುಕೊಂಡೇ ಹೋದೆ. ಅವಳು ಇನ್ನಷ್ಟು ಆ ಕಡೆಗೆ ತಿರುಗಿದಳು. ನಾನು ಇನ್ನೂ ಹತ್ತು ಹೆಜ್ಜೆ. ಅವಳು ಇನ್ನೂ ಆಚೆ. ಅಯ್ಯೋ ಎಲ್ಲಿಗೆ ಹೋಗ್ತಿದ್ದಾಳೆ ಇವಳು ಎಂದು ನಾನು ಕಲ್ಲು ಮುಳ್ಳು ನೋಡದೆ ದಡದಗುಂಟ ನಡೆದೆ. ನಾನು ಅವಳ ಹಿಂದೆ ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ನನ್ನ ಹಿಂದೆ ಬರುತ್ತಿದ್ದಳು.

ಆ ಕಡೆ ಜೊಂಡು. ಅವಳ ಕಾಲು ಜೊಂಡಿಗೆ ಸಿಕ್ಕಿತು. ಟೋಪಿ ಮುಳುಗಿ ಎದ್ದಿತು, ಮತ್ತೆ ಮುಳುಗಿ ಎದ್ದಿತು. ಈಜುವವರ ಕಾವಲಿಗಿದ್ದ ದೋಣಿಯವನು ರಭಸದಿಂದ ಹುಟ್ಟು ಹಾಕಿಕೊಂಡು ಬಂದು ತೋಳು ಹಿಡಿದು ಎಳೆದುಕೊಂಡ. ದೋಣಿ ಹತ್ತಿದರೆ ಪಂದ್ಯದಿಂದ ಹೊರಗೆ. ನಾನು ಹೊದಿಕೆ ಇಳಿಸಿ ಹಿಂದೆ ತಿರುಗಿ ನೋಡಿದೆ. ಮೆಟ್ಟಿಲು ನೂರು ಮಾರು ದೂರದಲ್ಲಿತ್ತು. ಆಗ ನನಗೆ ತಿಳಿಯಿತು, ನಾನೇನು ಮಾಡಿದೆ ಎಂದು.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ದೋಣಿ ಕೆರೆಯ ಮೇಲೆ ಬಳಸಿಕೊಂಡು ಬರುವಷ್ಟರಲ್ಲಿ ನಾನು ಬೇಗಬೇಗ ನಡೆದು ಮೆಟ್ಟಿಲ ಪಕ್ಕಕ್ಕೆ ಬಂದುಬಿಟ್ಟೆ. ಅವಳು ದೋಣಿಯಿಂದ ಇಳಿಯುವಾಗ ನಾನು ನನ್ನ ಜಾಗದಲ್ಲೇ, ಹೊದಿಕೆ ಹಿಡಿದು, ಕದಲದವಳ ಹಾಗೆ ನಿಂತಿದ್ದೆ.

ಅದೇ ಹೊದಿಕೆಯನ್ನು ಅವಳ ಹೆಗಲಿಗೆ ಹಾಕಿದೆ. ಹಲ್ಲು ಕಟಕಟ ಅನ್ನುತ್ತಿದ್ದವು. “ಕೆಂಪು ಕಾಣ್ತಾನೇ ಇತ್ತು ಅತ್ತಿಗೆ” ಎಂದಳು. “ಒಂದ್ಸಲವೂ ತಪ್ಪಿಸ್ಕೊಳ್ಳಲಿಲ್ಲ. ಅದರ ಕಡೆಗೇ ಈಜ್ದೆ. ಆದ್ರೂ ಅಷ್ಟು ದೂರ ಹೇಗೆ ಹೋದೆ?”

ನಾನು ಹೊದಿಕೆಯ ಅಂಚಿನಿಂದ ಅವಳ ಮುಖ ಒರೆಸತೊಡಗಿದೆ.

ಈಜುಕೊಳದ ಮೇಷ್ಟ್ರು ಅವಳಿಗೆ ಕಾರಣ ಹೇಳಿಕೊಟ್ಟರು. ಬಲಗೈ ಎಡಗೈಗಿಂತ ಜೋರಾಗಿದ್ದರೆ ಮೈ ಎಡಕ್ಕೆ ತಿರುಗುತ್ತದೆ, ಕೊಳದಲ್ಲಿ ಗೆರೆ ಇರುವುದರಿಂದ ಗೊತ್ತಾಗುವುದಿಲ್ಲ, ಕೆರೆಯಲ್ಲಿ ಬಯಲಾಗುತ್ತದೆ ಎಂದು. ಮನೆಗೆ ಬಂದವಳೇ ಕೇಳಿದಳು:

“ಅತ್ತಿಗೆ, ನನ್ನ ಬಲತೋಳು ದಪ್ಪ ಇದೆಯಾ?”

“ಇದೆ” ಎಂದೆ, ಅವಳ ಮಾತು ಮುಗಿಯುವ ಮುಂಚೆಯೇ. “ಅರ್ಧ ಇಂಚು. ಯಾವಾಗಲೂ ಬಿಟ್ಟೇ ಹೊಲೀತೀನಲ್ಲ.”

“ಹಾಗಾದ್ರೆ ಅದೇ.”

“ಅದೇ ಇರ್ಬೇಕು ಕಣೇ.”

ಸುಳ್ಳು ಹೇಳಲಿಲ್ಲ ನಾನು. ಅರ್ಧ ಇಂಚು ಎಂಬುದು ನಿಜವೇ. ಆ ನಿಜದ ಹಿಂದೆ ಅವಿತುಕೊಂಡೆ.

ಮರುದಿನದಿಂದ ಅವಳು ಎಡಗೈಯಲ್ಲಿ ಇಸ್ತ್ರಿ ಮಾಡತೊಡಗಿದಳು. ಎಡಗೈ ಗಟ್ಟಿಯಾದರೆ ಮುಂದಿನ ವರ್ಷ ನೇರ ಈಜಬಹುದು ಎಂದು. ಒಂದು ಕೈಯಲ್ಲಿ ಇಸ್ತ್ರಿ, ಇನ್ನೊಂದು ಕೈಯಲ್ಲಿ ಮುದುರು ಬಿಡಿಸುವುದು. ಕೈ ಅದಲುಬದಲಾದಾಗ ಬಿಡಿಸುವ ಕೈ ಎಲ್ಲಿರಬೇಕೆಂದು ಅದಕ್ಕೇ ತಿಳಿಯುವುದಿಲ್ಲ. ಬಲಗೈ ಬೆರಳುಗಳ ಮೇಲೆ ಬೊಬ್ಬೆ ಎದ್ದವು. ಕೋಟುಗಳ ಕಾಲರು ಸೊಟ್ಟಗಾದವು. ಅಲ್ಲಿಯ ಮೇಸ್ತ್ರಿ ಒಳ್ಳೆಯವನೇ, ಮೊದಮೊದಲು ತಮಾಷೆ ಮಾಡಿದ.

“ಇಸ್ತ್ರಿಯಕ್ಕಾ, ಈ ಕೋಟು ಹಾಕ್ಕೊಂಡು ಡಾಕ್ಟರು ಹೋದ್ರೆ ರೋಗಿ ಎದ್ದು ಜಾಗ ಬಿಟ್ಕೊಡ್ತಾನೆ, ಮಲಕ್ಕೊಳ್ಳಿ ಅಂತ.”

“ಇನ್ನೊಂದ್ಸ್ವಲ್ಪ ದಿನ, ಸರಿಹೋಗತ್ತೆ.”

“ಕೈಗೇನಾಗಿದೆ?”

“ಏನೂ ಆಗಿಲ್ಲ. ಈ ಕೈಗೂ ಕೆಲಸ ಕಲಿಸ್ತಿದ್ದೀನಿ.”

ಮೂರನೆಯ ತಿಂಗಳು ಒಂದು ಕೋಟಿನ ಬೆನ್ನು ಸುಟ್ಟಿತು. ಮೇಸ್ತ್ರಿ ತಮಾಷೆ ಬಿಟ್ಟ. ಅವಳನ್ನು ಕೋಟಿನ ಮೇಜಿನಿಂದ ತೆಗೆದು ದಿಂಬಿನ ಚೀಲ ಮಡಿಸುವ ಮೇಜಿಗೆ ಹಾಕಿದ. ಆ ಮೇಜು ಹೊಸದಾಗಿ ಸೇರಿದವರದು. ಅವಳು ಬಂದು ಹೇಳಲಿಲ್ಲ. ಅವಳ ಅಂಗಿಯಿಂದ ಸುಟ್ಟ ಗಂಜಿಯ ವಾಸನೆ ಬರುವುದು ನಿಂತಿತ್ತು, ಅದರಿಂದ ನಾನೇ ಕೇಳಿದೆ.

“ಕೋಟಿನ ಕೆಲಸ ಇಲ್ವೇನೇ?”

“ಇಲ್ಲ. ಚೀಲ ಮಡಿಸ್ತೀನಿ.”

“ಎಷ್ಟು ದಿನ ಆಯ್ತು?”

“ಹದಿನೆಂಟು ದಿನ.” ಅನ್ನುತ್ತಲೇ ಬೊಬ್ಬೆ ಒಡೆದ ಬೆರಳುಗಳನ್ನು ಅಂಗೈಯೊಳಗೆ ಮುಚ್ಚಿಕೊಂಡಳು.

ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಅನ್ನಬೇಕೆಂದು ನಾನು ಎಷ್ಟೋ ಸಲ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. “ನಿನ್ನ ಕೈದಲ್ಲ ತಪ್ಪು. ನಾನು ಸರಿದಿದ್ದೆ. ಹೊದಿಕೆ ಹಿಡ್ಕೊಂಡು ಆ ಕಡೆಗೆ ನಡೆದುಬಿಟ್ಟೆ. ನೀನು ಅಲ್ಲಿಗೆ ಬರ್ತೀಯ ಅಂತ ಹೋದೆ. ಆಮೇಲೆ ವಾಪಸ್ ಬಂದು ನಿಂತೆ” ಎಂದೆ.

ಅವಳು ನನ್ನನ್ನೇ ನೋಡಿದಳು. ನನಗೆ ಅವಳ ಮುಖ ಓದಲು ಆಗಲಿಲ್ಲ.

“ಎಷ್ಟು ದೂರ?”

“ನೂರು ಮಾರು ಇದ್ದೀತು.”

“ಮೂರು ತಿಂಗಳು ಎಡಗೈಯಲ್ಲಿ ತಿಕ್ಕಿದ್ದೀನಿ ಅತ್ತಿಗೆ.”

“ಗೊತ್ತು.”

“ನೋಡ್ತಾ ಇದ್ರಿ.”

“ನೋಡ್ತಾ ಇದ್ದೆ.”

“ನಿಮ್ಮನ್ನ ಒಂದು ಕೇಳ್ದೆ. ನಿಂತ್ಕೊಳ್ಳಿ ಅಂತ. ಏನಾದ್ರೂ ಮಾಡಿ ಅನ್ನಲಿಲ್ಲ, ಸುಮ್ನೆ ನಿಂತ್ಕೊಳ್ಳಿ ಅಂದೆ!” ಧ್ವನಿ ಏರಿತ್ತು. ಅವಳು ನನ್ನ ಮೇಲೆ ದನಿ ಏರಿಸಿದ್ದು ಅವತ್ತೇ ಮೊದಲು. ಬಾಗಿಲವರೆಗೆ ಹೋಗಿ ತಿರುಗಿದಳು. “ಮುಂದಿನ ಸಲ ಕಾಲಿಲ್ಲದ್ದನ್ನ ನೋಡ್ಕೊಂಡು ಈಜ್ತೀನಿ. ನೀವು ಬರೋದೇ ಬೇಡ.”

ಆಮೇಲೆ ಹನ್ನೊಂದು ದಿನ ಮಾತಿಲ್ಲ. ನಮ್ಮಲ್ಲಿ ಮೊದಲೇ ಮಾತು ಕಮ್ಮಿ, ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಹಿಂದಿನ ಮೌನದಲ್ಲಿ ಅವಳು ನನ್ನ ಲೋಟವನ್ನೂ ತೊಳೆದಿಡುತ್ತಿದ್ದಳು. ಈ ಮೌನದಲ್ಲಿ ತನ್ನದೊಂದನ್ನೇ ತೊಳೆದಳು. ತೊಟ್ಟಿಯಲ್ಲಿ ಉಳಿದ ನನ್ನ ಲೋಟವನ್ನು ನೋಡಿಕೊಂಡು ನಾನು ಎಷ್ಟೋ ಹೊತ್ತು ನಿಂತಿರುತ್ತಿದ್ದೆ. ಅಂಚೆಯವರು ಇದ್ದಿದ್ದರೆ ಎಂದು ಅನ್ನಿಸುತ್ತಿತ್ತು. “ನಿನ್ನ ನಾದಿನಿಗೆ ಇನ್ನೂ ಕೋಪ ಇಳಿದಿಲ್ಲ ಕಣೇ” ಎಂದು ಅವರು ನನ್ನ ಎದುರಿಗೇ ಹೇಳುತ್ತಿದ್ದರು, ಇಬ್ಬರೂ ಅತ್ತ ತಿರುಗಿ ನಗುತ್ತಿದ್ದೆವು.

ಅವಳು ಮೇಸ್ತ್ರಿಯ ಎದುರು ಬಲಗೈಯಲ್ಲಿ ಒಂದು ಕೋಟು ಮಾಡಿ ತೋರಿಸಿ ತನ್ನ ಮೇಜನ್ನು ವಾಪಸ್ ತೆಗೆದುಕೊಂಡಳು. ಅದು ನನಗೆ ತಿಳಿದದ್ದು ಮತ್ತೆ ಅಂಗಿಗೆ ಗಂಜಿಯ ವಾಸನೆ ಬಂದಾಗ. ಹನ್ನೆರಡನೆಯ ದಿನ ಅಡುಗೆಮನೆಗೆ ಬಂದು “ಉಪ್ಪು ಕಮ್ಮಿ ಆಗಿದೆ” ಎಂದಳು. ನನ್ನ ಕಣ್ಣಲ್ಲಿ ನೀರು ಬಂತು, ಈರುಳ್ಳಿ ಇತ್ತು ಕೈಯಲ್ಲಿ, ಒಳ್ಳೆಯದಾಯಿತು. ಆದರೆ ಕೆರೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ವರ್ಷವೆಲ್ಲ ಭಾನುವಾರ ಬೆಳಿಗ್ಗೆ ಒಬ್ಬಳೇ ಕೆರೆಗೆ ಹೋದಳು. ಬಂದಾಗ ಕೂದಲಲ್ಲಿ ಪಾಚಿಯ ಎಳೆ ಇರುತ್ತಿತ್ತು. ಒಂದೊಂದು ದಿನ ಹೋದಷ್ಟೇ ಬೇಗ ಬಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನೀರಿಗೆ ಇಳಿದು ಭಯವಾಗಿ ಮೇಲೆ ಬಂದಿದ್ದಾಳೆ ಎಂದು ನನಗೆ ಅರ್ಥವಾಗುತ್ತಿತ್ತು. ಜೊಂಡಿನ ಭಯ ಅವಳ ಕಾಲಿನಿಂದ ಹೋಗಿರಲಿಲ್ಲ. ಕೇಳಲು ನನಗೆ ಯಾವ ಮುಖವೂ ಇರಲಿಲ್ಲ.

ಎರಡನೆಯ ಪಂದ್ಯದ ಬೆಳಿಗ್ಗೆ ಅವಳು ಸೈಕಲ್ಲು ಹೊರಗೆ ತೆಗೆಯುವಾಗ ನಾನು ಎದ್ದಿದ್ದೆ. “ಬರ್ತೀನಿ” ಎಂದಳು. “ಹ್ಞೂಂ” ಎಂದೆ. ಅವಳು ತಿರುವು ದಾಟಿದ್ದೇ ಚಪ್ಪಲಿ ಮೆಟ್ಟಿಕೊಂಡು ಮೊದಲ ಬಸ್ಸು ಹಿಡಿದೆ.

ಹೊದಿಕೆ ತರಲಿಲ್ಲ. ಬಣ್ಣ ಎದ್ದು ಕಾಣದ ಬೂದಿ ಅಂಗಿ ಹಾಕಿಕೊಂಡಿದ್ದೆ. ನೋಡಲು ಬಂದವರ ಹಿಂದೆ, ಪಂಪುಮನೆಯ ಗೋಡೆಗೆ ಒರಗಿ ನಿಂತೆ. ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡೆ. ಅವು ತಾವಾಗಿ ಎದ್ದುಬಿಟ್ಟರೆ ಎಂಬ ಹೆದರಿಕೆ.

ಈ ಸಲವೂ ಅವಳು ಎಲ್ಲರಿಗಿಂತ ಹಿಂದೆ ಇಳಿದಳು. ಮೊದಲ ಚೆಂಡಿನವರೆಗೂ ಮುಖ ನೀರಿನೊಳಗೆ ಇಡಲೇ ಇಲ್ಲ. ಕತ್ತು ಮೇಲೆತ್ತಿಕೊಂಡು, ಬಾಯಿ ತೆರೆದುಕೊಂಡು, ನಾಯಿ ಈಜುವ ಹಾಗೆ. ಹಾಗೆ ಹೋದರೆ ಅರ್ಧಕ್ಕೇ ಸೋತುಹೋಗುತ್ತಾಳೆ ಎಂದು ಈಜು ಬಾರದ ನನಗೂ ಕಾಣುತ್ತಿತ್ತು. ಮುಂದಿನವರು ಸಣ್ಣಗಾಗುತ್ತ ಹೋದರು. ಅವಳು ಅಂಗಾತ ತಿರುಗಿ ಆಕಾಶ ನೋಡಿಕೊಂಡು ತೇಲಿದಳು. ಮತ್ತೆ ತಿರುಗಿದಳು. ಹತ್ತು ಸಲ ಕೈ ಬೀಸಿ ಮತ್ತೆ ನಿಂತಳು. ನೀರಿನಲ್ಲಿ ನಿಂತವರು ದೂರಕ್ಕೆ ಬಹಳ ಚಿಕ್ಕದಾಗಿ ಕಾಣುತ್ತಾರೆ, ಒಂದು ನಿಂಬೆಹಣ್ಣಿನಷ್ಟು.

ಎರಡನೆಯ ಚೆಂಡಿನ ಹತ್ತಿರ ದೋಣಿಯವನು ಅವಳ ಪಕ್ಕಕ್ಕೆ ಬಂದ. ಹಳದಿ ಟೋಪಿ ದೋಣಿಯ ಅಂಚಿಗೆ ಅಂಟಿಕೊಂಡಿತು. ಹಿಡಿದುಕೊಂಡಿದ್ದಾಳೆ. ಎರಡೂ ಕೈಯಲ್ಲಿ.

ನನ್ನ ಮುಂದೆ ನಿಂತಿದ್ದ ಹೆಂಗಸು ಪಕ್ಕದವಳಿಗೆ ಹೇಳಿದಳು, “ಪಾಪ, ಮುಗೀತು ಅವರದ್ದು. ಹತ್ತಿಸ್ಕೋತಾರೆ ಈಗ.”

“ಹಿಡ್ಕೋಬೋದಂತೆ ಕಣೇ” ಎಂದಳು ಪಕ್ಕದವಳು. “ದೋಣಿ ಮುಂದೆ ಹೋಗ್ಬಾರ್ದು ಅಷ್ಟೇ. ದಣಿವಾರಿಸ್ಕೊಂಡು ಬಿಡಬೋದು.”

“ಬಿಡ್ತಾರೆ ಅಂತೀಯಾ? ನಾನಾಗಿದ್ರೆ ಒಳಗೇ ಹತ್ತಿ ಕೂತಿರ್ತಿದ್ದೆ.”

ನಾನು ಎಣಿಸತೊಡಗಿದೆ. ನನಗೆ ಎಣಿಕೆ ನೂರರವರೆಗೆ ತಡವರಿಸದೆ ಬರುತ್ತದೆ. ಎಪ್ಪತ್ತಾಯಿತು, ಎಂಬತ್ತಾಯಿತು. ಹೋದ ವರ್ಷ ನಾನು ನಡೆದ ಪ್ರತಿ ಹೆಜ್ಜೆಯೂ ನೆನಪಾಯಿತು. ತೊಂಬತ್ತೆರಡಕ್ಕೆ ಟೋಪಿ ದೋಣಿಯಿಂದ ಬೇರೆಯಾಯಿತು. ಎರಡು ಬೆರಳು ಅಗಲದಷ್ಟು ನೀರು ಕಂಡಿತು ನಡುವೆ. ಆಮೇಲೆ ನಾಲ್ಕು ಬೆರಳು.

ಅಲ್ಲಿಂದ ಈಚೆಗೆ ಅವಳು ಮುಖ ಮುಳುಗಿಸಿದಳು. ಆರು ಕೈ ಹಾಕುವುದು, ತಲೆ ಎತ್ತಿ ನೋಡುವುದು. ಪ್ರತಿ ಸಲವೂ ನಾನು ನಿಂತ ಕಡೆಗೇ ನೋಡುತ್ತಿದ್ದಾಳೆ ಎನ್ನಿಸಿ ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದೆ. ನನ್ನನ್ನಲ್ಲ, ನನ್ನ ಬೆನ್ನ ಹಿಂದಿನ ಗೋಡೆಯನ್ನು. ಸುಣ್ಣ ಹೊಡೆದ ಎತ್ತರದ ಗೋಡೆ, ಮೆಟ್ಟಿಲಿಗೆ ನೆಟ್ಟಗೆ ಹಿಂದೆ ಇತ್ತು. ಒಂದು ಸಲ ಅವಳು ಜೊಂಡಿನ ಕಡೆಗೆ ವಾಲಿದಳು. ನನ್ನ ಬಲಗಾಲು ನೆಲ ಬಿಟ್ಟೆದ್ದಿತು. ಅದನ್ನು ಇದ್ದಲ್ಲೇ ಊರಿದೆ. ಅವಳೇ ತಲೆ ಎತ್ತಿದಳು, ನೋಡಿದಳು, ತಿರುಗಿಸಿಕೊಂಡಳು.

ನೀರಿನಿಂದ ಏಳಲು ಗಡುವು ಇರುತ್ತದೆ, ಗಡಿಯಾರ ಹಿಡಿದವನು “ಇನ್ನೆರಡು ನಿಮಿಷ” ಎಂದು ಕೂಗಿದ. ಅವಳ ಕೈ ಮೆಟ್ಟಿಲಿಗೆ ತಾಗಿತು. ಮೊದಲು ಮಂಡಿಯೂರಿದಳು, ಆಮೇಲೆ ಎದ್ದು ನಿಂತಳು. ಒಂದು ಕ್ಷಣ ತಲೆ ತಿರುಗಿದವಳಂತೆ ಕೈ ಚಾಚಿದಳು, ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ನಿಂತು ಸುತ್ತ ನೋಡಿದಳು. ಕನ್ನಡಕ ಸೈಕಲ್ಲಿನ ಬುಟ್ಟಿಯಲ್ಲಿತ್ತು, ಅವಳಿಗೆ ಎಲ್ಲರ ಮುಖವೂ ಕಲಸಿದ ಹಿಟ್ಟು. ನಾಲ್ಕೇ ಮಾರು ದೂರದಲ್ಲಿ, ಇಬ್ಬರು ಹೆಂಗಸರ ಭುಜದ ಸಂದಿಯಲ್ಲಿ ನಾನಿದ್ದೆ. ಹೆಸರು ಹಿಡಿದು ಕೂಗಿದರೆ ಸಾಕಿತ್ತು. ಬರೋದೇ ಬೇಡ ಎಂದಿದ್ದಾಳೆ. ಅವಳು ಹೋದಳು.

ಅವಳಿಗಿಂತ ಮುಂಚೆ ಮನೆ ಸೇರಬೇಕೆಂದು ಉಳಿದದ್ದನ್ನು ನೋಡದೆ ಬಸ್ಸಿಗೆ ಓಡಿದೆ. ಬಟ್ಟೆ ಬದಲಿಸಿ, ಯಂತ್ರಕ್ಕೆ ದಾರ ಪೋಣಿಸಿ ಕೂತೆ. ಒಂದು ಗಂಟೆಯ ಹೊತ್ತಿಗೆ ಬಂದಳು. ಮೂಗು, ಕೆನ್ನೆ ಬಿಸಿಲಿಗೆ ಕೆಂಪಾಗಿದ್ದವು. ಪದಕವನ್ನು ಕೊರಳಿಗೆ ಹಾಕಿಕೊಂಡಿರಲಿಲ್ಲ, ಜೇಬಿನಿಂದ ತೆಗೆದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟಳು.

“ಮುಗೀತು ಅತ್ತಿಗೆ.”

“ಹೇಳು, ಹೇಳು” ಎಂದೆ.

ಕೂತು ಹೇಳಿದಳು. ನಲವತ್ತು ವರ್ಷದ್ದನ್ನು ಒಟ್ಟಿಗೆ ಆಡುವವಳ ಹಾಗೆ. ಸೈಕಲ್ಲಿನಲ್ಲಿ ಏಳು ಜನರನ್ನು ಹಿಂದೆ ಹಾಕಿದಳಂತೆ, ಅವರದು ಗಾಳಿಗಿಂತ ಹಗುರದ ಸೈಕಲ್ಲಂತೆ, ಇವಳದಕ್ಕೆ ಬುಟ್ಟಿ, ಗಂಟೆ. “ಗಂಟೆ ಹೊಡ್ಕೊಂಡೇ ಮುಂದೆ ಹೋದೆ, ಸರೀರಪ್ಪಾ ಅಂತ” ಎಂದು ನಕ್ಕಳು. ಓಟದಲ್ಲಿ ನಡೆದಳಂತೆ. ಆ ಏಳು ಜನವೂ ಮತ್ತೆ ದಾಟಿಕೊಂಡು ಹೋದರಂತೆ. ಎಲ್ಲರಿಗಿಂತ ಕೊನೆ ಇವಳೇ, ಗೆರೆ ಮುಟ್ಟುವಾಗ ಮೇಜು ಕುರ್ಚಿ ಮಡಚುತ್ತಿದ್ದರಂತೆ.

“ನೀರು?” ಎಂದೆ.

“ನೀರು ಕಷ್ಟ ಆಯ್ತು. ಎರಡನೇ ಚೆಂಡಿನ ಹತ್ರ ಉಸಿರೇ ಸಿಗಲಿಲ್ಲ. ದೋಣಿಯವನು ಹಿಡ್ಕೊಳ್ಳಿ ಹಿಡ್ಕೊಳ್ಳಿ ಅಂತ ಪಕ್ಕದಲ್ಲೇ ಬರ್ತಿದ್ದ. ನಾನು ಬೆರಳು ಕೂಡ ತಾಗಿಸಲಿಲ್ಲ ಅತ್ತಿಗೆ. ಪೂರ್ತಿ ನನ್ನ ಕೈಯಲ್ಲೇ ಬಂದೆ.”

“ಹೌದಾ!” ಎಂದೆ.

“ಹ್ಞೂಂ.” ಪದಕವನ್ನು ಮೇಜಿನ ಮೇಲೆ ಮಗುಚಿ ಹಾಕಿದಳು, ಮತ್ತೆ ಸರಿ ಮಾಡಿದಳು. “ಮೇಲೆ ಬಂದಾಗ ಒಂದ್ಸಲ ಸುತ್ತ ನೋಡ್ದೆ. ಬೇಡ ಅಂದಿದ್ದು ನಾನೇ. ಆದ್ರೂ ನೀವು ಬಂದಿರ್ತೀರೇನೋ ಅನ್ನಿಸ್ತು. ಯಾರೂ ಇರಲಿಲ್ಲ.”

ಬಂದಿದ್ದೆ ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಗೋಡೆಗೆ ಒರಗಿ ನಿಂತಿದ್ದೆ, ಈ ಸಲ ಒಂದು ಹೆಜ್ಜೆಯೂ ಸರಿಯಲಿಲ್ಲ ಎನ್ನಬೇಕಿತ್ತು. ಎಂದರೆ, ದೋಣಿಯನ್ನೂ ನೋಡಿದ್ದೇನೆ ಎಂದಂತೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಬರೋಣ ಅಂತಲೇ ಇದ್ದೆ. ಬೆಳಿಗ್ಗೆ ಮಂಡಿ ಹಿಡ್ಕೊಂಡ್ಬಿಡ್ತು” ಎಂದೆ.

“ಅಯ್ಯೋ, ಹೇಳ್ಬಾರ್ದಾ?” ಎದ್ದು ಬಂದು ನನ್ನ ಕಾಲ ಬಳಿ ನೆಲದ ಮೇಲೆ ಕೂತಳು. ಅಷ್ಟು ಈಜಿ, ಅಷ್ಟು ತುಳಿದು, ಅಷ್ಟು ನಡೆದು ಬಂದವಳು. ಕೂದಲಿನಿಂದ ಕೆರೆಯ ವಾಸನೆ ಬರುತ್ತಿತ್ತು.

“ಯಾವ ಮಂಡಿ ಅತ್ತಿಗೆ?”

ನಾನು ಒಂದಿಷ್ಟು ಯೋಚನೆ ಮಾಡಬೇಕಾಯಿತು.

“ಎಡದ್ದು” ಎಂದೆ.